ಅಪ್‌ಡೇಟ್: ‘ನೋ ಸಚ್ ಟೇಬಲ್’ ದೋಷಕ್ಕೆ ಕಾರಣ ಸಿಕ್ಕಿತು

ಖರ್ಚು-ವೆಚ್ಚ ಬರೆದಿಡುವ ನನ್ನ ಆಂಡ್ರಾಯ್ಡ್ ಆ್ಯಪ್‌ನಲ್ಲಿ ಡೇಟಾಬೇಸ್‌ಗೆ (ಲೆಕ್ಕಗಳನ್ನು ಇಡುವ ಕಡತಕ್ಕೆ) ಹೊಸ ಟೇಬಲ್ (ಮಾಹಿತಿಯ ಕೋಷ್ಟಕ) ಸೇರಿಸಿದ ಮೇಲೆ ‘ನೋ ಸಚ್ ಟೇಬಲ್’ (ಅಂಥ ಟೇಬಲ್ ಇಲ್ಲ) ಎಂಬ ದೋಷ ಏಕೆ ಬರುತ್ತಿದೆ ಎಂದು ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ತಪ್ಪು ನನ್ನದೇ ಆಗಿತ್ತು. ಎಸ್‌ಕ್ಯೂಲೈಟ್‌ಓಪನ್‌ಹೆಲ್ಪರ್ (ಡೇಟಾಬೇಸ್ ರಚಿಸಿ ತೆರೆದುಕೊಡುವ ಆಂಡ್ರಾಯ್ಡ್‌ನ ಸಹಾಯಕ ಕೋಡ್) ಬಳಸುವಾಗ ಆನ್‌ಕ್ರಿಯೇಟ್ (ಟೇಬಲ್‌ಗಳನ್ನು ರಚಿಸುವ ಭಾಗ) ಪ್ರತಿ ಸಲವೂ ನಡೆಯುತ್ತದೆ ಎಂದು ಭಾವಿಸಿ, ಹೊಸ ಟೇಬಲ್‌ನ ಆದೇಶವನ್ನು ಅಲ್ಲಿ ಮಾತ್ರ ಬರೆದಿದ್ದೆ. ವಾಸ್ತವದಲ್ಲಿ ಗೆಟ್‌ರೈಟಬಲ್‌ಡೇಟಾಬೇಸ್ (ಡೇಟಾಬೇಸ್ ತೆರೆಯುವ ಆದೇಶ) ಅನ್ನು ಕರೆದಾಗ ಹೆಲ್ಪರ್, ಕಡತದೊಳಗಿನ ಯೂಸರ್_ವರ್ಷನ್ (ಡೇಟಾಬೇಸ್‌ನ ಆವೃತ್ತಿ) ಸಂಖ್ಯೆಯನ್ನು ಓದಿ, ಅದು 0 ಇದ್ದರೆ (ಎಂದರೆ ಡೇಟಾಬೇಸ್ ಹೊಸದಾಗಿದ್ದರೆ) ಮಾತ್ರ ಆನ್‌ಕ್ರಿಯೇಟ್ ಅನ್ನೂ, 0 ಅಲ್ಲದೆ ನಾವು ಕೋಡ್‌ನಲ್ಲಿ ಕೊಟ್ಟ ಸಂಖ್ಯೆಗಿಂತ ಕಡಿಮೆಯಿದ್ದರೆ, ಹಳೆಯ ಡೇಟಾಬೇಸ್ ಅನ್ನು ಹೊಸ ಆವೃತ್ತಿಗೆ ತರುವ ಆನ್‌ಅಪ್‌ಗ್ರೇಡ್ ಅನ್ನೂ ನಡೆಸುತ್ತದೆ. ನನ್ನ ಫೋನಿನಲ್ಲಿ ಕಡತ ಮೊದಲೇ ಇತ್ತು. ಸಂಖ್ಯೆಯೂ 1ರಲ್ಲೇ ನಿಂತಿತ್ತು.

ಈಗ ಸಂಖ್ಯೆಯನ್ನು 2ಕ್ಕೆ ಏರಿಸಿ, ಹಳೆಯ ಆವೃತ್ತಿ 2ಕ್ಕಿಂತ ಕಡಿಮೆಯಿದ್ದರೆ ಟೇಬಲ್ ರಚಿಸುವಂತೆ ಆನ್‌ಅಪ್‌ಗ್ರೇಡ್‌ನಲ್ಲಿ ಬರೆದಿದ್ದೇನೆ; ಹೊಸದಾಗಿ ಹಾಕಿಕೊಳ್ಳುವವರಿಗಾಗಿ ಆನ್‌ಕ್ರಿಯೇಟ್‌ನಲ್ಲಿಯೂ ಅದನ್ನು ಉಳಿಸಿದ್ದೇನೆ. ಹಳೆಯ ಲೆಕ್ಕಗಳೆಲ್ಲ ಹಾಗೆಯೇ ಇವೆ.

ಹಳೆಯ ಡೇಟಾಬೇಸ್ ಅಳಿಯುವಂತೆ ಆ್ಯಪ್ ತೆಗೆದು ಮತ್ತೆ ಹಾಕಿ ಎಂಬ ಸಲಹೆ ಮಾತ್ರ ನನಗೆ ಫಲಿಸಲಿಲ್ಲ. ಆಂಡ್ರಾಯ್ಡ್ 6ರಿಂದ ಇರುವ ಸ್ವಯಂ ಬ್ಯಾಕಪ್, ಹಳೆಯ ಡೇಟಾಬೇಸ್ ಅನ್ನೇ ಮರಳಿ ತಂದು ಕೂರಿಸಿತ್ತು! ಇದು ತಿಳಿಯಲು ಒಂದು ಸಂಜೆಯೇ ಹೋಯಿತು. ಪರೀಕ್ಷೆಯ ಆವೃತ್ತಿಯಲ್ಲಿ ಅಲೌ‌ಬ್ಯಾಕಪ್ (ಬ್ಯಾಕಪ್‌ಗೆ ಅನುಮತಿ ಕೊಡುವ ಸೆಟ್ಟಿಂಗ್) ಅನ್ನು ಫಾಲ್ಸ್ (ಇಲ್ಲ) ಮಾಡಿಕೊಂಡಿದ್ದೇನೆ.