ಬೆಂಗಳೂರಿಂದ ಜೋಗಕ್ಕೆ ಅಮ್ಮನ ಜೊತೆ: ಕಾರೋ, ರೈಲೋ, ಬಸ್ಸೋ?

ಹೊರಟವಳು:
ಆಗಸ್ಟ್‌ನಲ್ಲಿ ಒಂದು ಶನಿವಾರ-ಭಾನುವಾರ ಜೋಗ ನೋಡಿ ಬರೋಣ ಅಂತಿದ್ದೇವೆ. ನಾನು, ಗಂಡ, ಒಂಬತ್ತು ವರ್ಷದ ಮಗ, ಜೊತೆಗೆ ಅಮ್ಮ. ಅಮ್ಮನಿಗೆ 68, ಮಂಡಿನೋವು ಇದೆ. ತುಂಬಾ ಹೊತ್ತು ಕಾಲು ಮಡಚಿ ಕೂತರೆ ಏಳುವುದಕ್ಕೇ ಆಗುವುದಿಲ್ಲ. ದೂರ ಸುಮಾರು 400 ಕಿ.ಮೀ. ಗಂಡ ಕಾರು ಅನ್ನುತ್ತಾರೆ, ನನಗೆ ರೈಲು ಮೇಲು ಅನ್ನಿಸುತ್ತಿದೆ. ಅಮ್ಮ ಮಾತ್ರ ಬಸ್ಸಿಗೇ ಹಟ ಹಿಡಿದಿದ್ದಾಳೆ, ಶಕ್ತಿ ಯೋಜನೆಯಲ್ಲಿ ನಮ್ಮಿಬ್ಬರಿಗೂ ಟಿಕೆಟ್ ಇಲ್ಲವಲ್ಲ ಅಂತ. ಹೋಗಿ ಬಂದವರು ಹೇಳಿ.

ಸ್ಟೇರಿಂಗ್ ಹಿಡಿದವನು:
ಕಾರೇ ಸರಿ. ಮಂಡಿನೋವು ಇರುವವರಿಗೆ ಬೇಕಾದಲ್ಲಿ ನಿಲ್ಲಿಸುವ ಅನುಕೂಲ ಬೇಕು. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ ಅಂತ ದಾರಿಯುದ್ದಕ್ಕೂ ಊರುಗಳಿವೆ, ಒಂದೂವರೆ ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ಓಡಾಡಿಸಬಹುದು. ಸಾಗರದ ಹತ್ತಿರವೇ ಇಕ್ಕೇರಿ ದೇವಸ್ಥಾನ, ಅದನ್ನೂ ನೋಡಬಹುದು. ರೈಲಲ್ಲಿ ಹೋದರೆ ಇಳಿದ ಮೇಲೆ ಗಾಡಿಗೆ ಪರದಾಡಬೇಕು.

ಹಳಿಯ ಹುಚ್ಚ:
ನಿಲ್ಲಿಸಬಹುದು, ಒಪ್ಪುತ್ತೇನೆ. ಆದರೆ ಶನಿವಾರ ಬೆಳಿಗ್ಗೆ ನೆಲಮಂಗಲ ದಾಟುವುದಕ್ಕೇ ಎಷ್ಟು ಹೊತ್ತು ಬೇಕು ಅಂತ ನಿಮಗೂ ಗೊತ್ತು. ಜೋಗ ಮುಟ್ಟುವಾಗ ಮಧ್ಯಾಹ್ನ ಕಳೆದಿರುತ್ತದೆ, ಎಂಟು ಗಂಟೆ ಓಡಿಸಿದವರಿಗೆ ಜಲಪಾತಕ್ಕಿಂತ ಮೊದಲು ಹಾಸಿಗೆ ಬೇಕು.

ಮೈಸೂರು–ತಾಳಗುಪ್ಪ ರೈಲು ರಾತ್ರಿ ಬೆಂಗಳೂರು ಬಿಟ್ಟು ಬೆಳಿಗ್ಗೆ ತಾಳಗುಪ್ಪಕ್ಕೆ ಬರುತ್ತದೆ. ಅಮ್ಮ ಕಾಲು ಚಾಚಿ ಮಲಗಬಹುದು. ಅಲ್ಲಿಂದ ಜೋಗ ಸುಮಾರು 15 ಕಿ.ಮೀ. ಅಷ್ಟೇ. ಸಾಗರದಲ್ಲಿ ಇಳಿಯಬೇಡಿ, ಅಲ್ಲಿಂದ 30 ಕಿ.ಮೀ. ಆಗುತ್ತದೆ, ರೈಲು ನಿಲ್ಲುವುದೂ ಸ್ವಲ್ಪ ಹೊತ್ತು ಮಾತ್ರ. ತಾಳಗುಪ್ಪದಲ್ಲಿ ಹಳಿಯೇ ಮುಗಿಯುತ್ತದೆ. ಹೋದ ಸಲ ನಮ್ಮ ಅತ್ತೆ ಎಲ್ಲರೂ ಇಳಿದು ಹೋಗುವವರೆಗೆ ಸೀಟಲ್ಲೇ ಕೂತಿದ್ದು, ಆಮೇಲೆ ಬಾಗಿಲ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಬೇಗ ಇಳೀರಿ ಅನ್ನುವವರು ಯಾರೂ ಇರಲಿಲ್ಲ.

ಸ್ಟೇರಿಂಗ್ ಹಿಡಿದವನು:
ಕೆಳಗಿನ ಬರ್ತ್ ಸಿಗದಿದ್ದರೆ? ಮಂಡಿನೋವಿನವರನ್ನು ಮಧ್ಯದ ಬರ್ತಿಗೆ ಹತ್ತಿಸುತ್ತೀರಾ?

ಹಳಿಯ ಹುಚ್ಚ:
ಒಳ್ಳೆ ಪ್ರಶ್ನೆ, ಇಲ್ಲೇ ಎಲ್ಲರೂ ಎಡವುವುದು. 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್ ಕೋಟಾ ಇದೆ, ಆದರೆ ನಾಲ್ಕು ಜನರ ಹೆಸರನ್ನೂ ಒಂದೇ ಟಿಕೆಟ್ಟಿಗೆ ಹಾಕಿದರೆ ಅದು ಸಿಗುವುದಿಲ್ಲ. ಅಮ್ಮನದನ್ನು ಬೇರೆ ಮಾಡಿಸಿ. ಬೋಗಿ ಬೇರೆ ಆಗಬಹುದು, ಆದ್ದರಿಂದ ಮೊದಲು ಅಮ್ಮನದು ಮಾಡಿಸಿ, ಆಮೇಲೆ ಅದೇ ಬೋಗಿ ಆರಿಸಿಕೊಂಡು ನಿಮ್ಮದು ಪ್ರಯತ್ನಿಸಿ. ಬುಕಿಂಗ್ 60 ದಿನ ಮೊದಲು ಶುರುವಾಗುತ್ತದೆ. ಮಗನಿಗೆ ಬರ್ತ್ ಬೇಕೆಂದರೆ ಪೂರ್ತಿ ದರ, ಬೇಡವಾದರೆ ಅರ್ಧ. ರಾತ್ರಿ ಪ್ರಯಾಣ, ಪೂರ್ತಿ ಕೊಟ್ಟುಬಿಡಿ.

ಕಿಟಕಿ ಸೀಟು:
ಬಸ್ಸಿನ ಬಗ್ಗೆ ನಾನು ಹೇಳುತ್ತೇನೆ. ಶಕ್ತಿ ಯೋಜನೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿಗೆ ಮಾತ್ರ. ರಾಜಹಂಸ, ಸ್ಲೀಪರ್, ಐರಾವತಕ್ಕೆ ದುಡ್ಡು ಕೊಡಲೇಬೇಕು. ಅಂದರೆ ಉಚಿತ ಬಸ್ಸಲ್ಲಿ ಅಮ್ಮ ರಾತ್ರಿಯೆಲ್ಲ ಕೂತೇ ಬರಬೇಕು. ನಾನು ನನ್ನ ತಾಯಿಯನ್ನು ಹಾಗೆ ಕರೆದುಕೊಂಡು ಹೋಗಿದ್ದೆ. ಸಾಗರದಲ್ಲಿ ಇಳಿದಾಗ ಅವರ ಪಾದ ಊದಿಕೊಂಡು ಚಪ್ಪಲಿಯೇ ಹಿಡಿಸಲಿಲ್ಲ. ಅರ್ಧ ಗಂಟೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕಾಲು ತಿಕ್ಕಿದೆ. ಇನ್ನೊಂದು ಸಲ ಖಾಸಗಿ ಸ್ಲೀಪರ್ ಬಸ್ಸಿನವರು ಜೋಗದ ತನಕ ಅಂತ ಟಿಕೆಟ್ ಕೊಟ್ಟು, ಬೆಳಗಿನ ಜಾವ ನಾಲ್ಕಕ್ಕೆ ಸಾಗರದಲ್ಲೇ ಮಳೆಯಲ್ಲಿ ಇಳಿಸಿ ಹೋದರು. ನಿಮ್ಮ ಅಮ್ಮನ ಉಳಿತಾಯದ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಬಸ್ಸು ಬೇಡ.

ಊರಿಗೆ ಹೊಸಬ:
ವಿಮಾನ ಇದೆಯಲ್ವಾ ಈಗ? ಶಿವಮೊಗ್ಗಕ್ಕೆ?

ಸಾಗರದ ಕಡೆಯವನು:
ಇದೆ, 2023ರಲ್ಲಿ ಸೋಗಾನೆಯ ನಿಲ್ದಾಣ ಶುರುವಾಯಿತು. ಆದರೆ ಅಲ್ಲಿಂದ ಜೋಗಕ್ಕೆ ಮತ್ತೆ ನೂರು ಕಿ.ಮೀ. ರಸ್ತೆ ಇದೆ. ನಾಲ್ಕು ಜನಕ್ಕೆ ಸುಮ್ನೆ ಖರ್ಚು.

ಹೇಗೆ ಬರುವುದು ಅಂತ ಎಲ್ಲರೂ ಹೇಳಿದಿರಿ, ಬಂದ ಮೇಲೆ ಏನು ಅಂತ ಯಾರೂ ಹೇಳಲಿಲ್ಲ. ಆಗಸ್ಟ್‌ನಲ್ಲಿ ಜೋಗದ ಗುಂಡಿ ಮಂಜಿನಿಂದ ತುಂಬಿರುತ್ತದೆ. ಸದ್ದು ಮಾತ್ರ ಕೇಳುತ್ತದೆ, ಎದುರಿಗೆ ಬರೀ ಬಿಳಿ. ಆಮೇಲೆ ಒಂದು ಗಾಳಿ ಬೀಸಿ ಮಂಜು ಸರಿಯುತ್ತದೆ, ಮೊದಲು ರಾಜ, ಪಕ್ಕದಲ್ಲಿ ರೋರರ್, ರಾಕೆಟ್, ರಾಣಿ, ನಾಲ್ಕೂ ಒಟ್ಟಿಗೆ 253 ಮೀಟರ್ ಧುಮುಕುವುದು ಎರಡು ನಿಮಿಷ ಕಾಣಿಸುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಐದು ನಿಮಿಷ ನಿಂತು, ಏನೂ ಕಾಣಲಿಲ್ಲ ಅಂತ ಬೇಜಾರಲ್ಲಿ ಕಾರು ತಿರುಗಿಸಿ ಹೋದವರನ್ನು ಎಷ್ಟೋ ಸಲ ನೋಡಿದ್ದೇನೆ, ಅವರು ಹೋದ ಹತ್ತೇ ನಿಮಿಷಕ್ಕೆ ಪೂರ್ತಿ ತೆರೆದುಕೊಂಡಿದ್ದನ್ನೂ ನೋಡಿದ್ದೇನೆ, ನನಗೇ ಸಂಕಟ ಆಗುತ್ತದೆ. ಕಾಯುವುದಕ್ಕೆ ಮೂರು ಗಂಟೆಯಾದರೂ ಇಟ್ಟುಕೊಂಡು ಬನ್ನಿ. ಬೆಳಿಗ್ಗೆ ಬಂದು ಇಡೀ ದಿನ ಕೈಯಲ್ಲಿರುವುದು ರಾತ್ರಿ ರೈಲಿಗೆ ಮಾತ್ರ.

ಮೇಲೆ ಲಿಂಗನಮಕ್ಕಿ ಅಣೆಕಟ್ಟು ಇರುವುದರಿಂದ ನೀರು ಮಳೆಯ ಮೇಲೂ ನಿಂತಿದೆ, ಗೇಟಿನ ಮೇಲೂ ನಿಂತಿದೆ. ಕೆಳಗಿಳಿಯುವ ಸುಮಾರು 1,400 ಮೆಟ್ಟಿಲು ಅಮ್ಮನಿಗೆ ಬೇಡವೇ ಬೇಡ, ಮಳೆಗಾಲದಲ್ಲಿ ಹೇಗೂ ಮುಚ್ಚಿರುತ್ತಾರೆ.

ಸ್ಟೇರಿಂಗ್ ಹಿಡಿದವನು:
ಕಾಯುವ ಮಾತು ನಿಜ. ಹೋದ ವರ್ಷ ನಾವೂ ಕತ್ತಲಾಗುತ್ತದೆ ಅಂತ ಹೊರಟುಬಿಟ್ಟಿದ್ದೆವು, ರಾಣಿಯನ್ನು ನೋಡಲೇ ಇಲ್ಲ. ಹಾಗಾದರೆ ರೈಲಲ್ಲಿ ಹೋಗಿ, ತಾಳಗುಪ್ಪಕ್ಕೆ ಒಂದು ಟ್ಯಾಕ್ಸಿ ಮೊದಲೇ ಹೇಳಿಡಿ, ಬಾಡಿಗೆಯನ್ನು ಇಡೀ ದಿನಕ್ಕೆ ಮಾತಾಡಿ. ಇಕ್ಕೇರಿಯೂ ಅದರಲ್ಲೇ ಆಗುತ್ತದೆ.

ಹೊರಟವಳು:
ಗಂಡನಿಗೆ ಇದನ್ನೆಲ್ಲ ಓದಿಸಿದೆ. ಕಾರಿನ ಮಾತು ಬಿಟ್ಟರು. ಶುಕ್ರವಾರ ರಾತ್ರಿ ಹೊರಟು, ಶನಿವಾರ ಅಲ್ಲೇ ಉಳಿದು, ಭಾನುವಾರ ರಾತ್ರಿಯ ರೈಲಿಗೆ ವಾಪಸ್. ಅಮ್ಮನಿಗೆ ಕೆಳಗಿನ ಬರ್ತ್ ಸಿಕ್ಕಿತು, ನಾವು ಮೂವರೂ ಅದೇ ಬೋಗಿ. ಒಂದೇ ಒಂದು ಕೇಳುವುದಿದೆ: ಕೊಡೆ ಎಷ್ಟು ತರಬೇಕು?

ಸಾಗರದ ಕಡೆಯವನು:
ಒಂದೂ ಬೇಡ, ಅಲ್ಲಿಯ ಗಾಳಿಗೆ ಮಗುಚಿಕೊಳ್ಳುತ್ತದೆ. ಎಲ್ಲರಿಗೂ ರೈನ್‌ಕೋಟ್ ತನ್ನಿ. ಅಮ್ಮನಿಗೆ ಒಂದು ಮಡಚುವ ಸ್ಟೂಲ್ ಕೂಡ.