ಗಡಿಯಾರ ಸರಿ ಮಾಡಿದ್ದೇ ತಪ್ಪಾಯ್ತು. ಮತ್ತೆ ಮುಂದೆ ಇಡಲಾ?

ಅರ್ಧನಿದ್ದೆ ಕೇಳಿದ್ದು:

ನಮ್ಮ ಹಾಲ್‌ನಲ್ಲಿ ಒಂದು ದುಂಡನೆಯ ಗೋಡೆ ಗಡಿಯಾರ ಇದೆ. ಬಿಳಿ ಮುಖ, ಕಪ್ಪು ಅಂಕಿ, 4ರ ಎದುರು ಗಾಜಿನ ಮೇಲೆ ಬಣ್ಣದ ಒಂದು ಹನಿ. ಗೋಡೆಗೆ ಬಣ್ಣ ಹೊಡೆಯುವಾಗ ಬಿದ್ದದ್ದು. ಉಗುರಿನಿಂದ ಕೆರೆಯಲು ಹೋಗಿ ಅರ್ಧಕ್ಕೇ ಬಿಟ್ಟಿದ್ದೇನೆ. ಮನೆಯಲ್ಲಿ ನಿನಗೆ ತುಂಬಾ ಇಷ್ಟದ ವಸ್ತು ಯಾವುದು ಅಂತ ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಅದು ಸರಿಯಾದ ಟೈಮ್ ತೋರಿಸಿದ್ದನ್ನು ಮಾತ್ರ ನೋಡಿದ ನೆನಪಿಲ್ಲ.

ಹೋದ ವಾರದವರೆಗೆ ಅದು 12 ನಿಮಿಷ ಮುಂದಿತ್ತು. ಇದು ಮನೆಯವರಿಗೆಲ್ಲ ಗೊತ್ತು. ಅದಕ್ಕೇ ನೋಡಿದ ಕೂಡಲೇ ಮನಸ್ಸಿನಲ್ಲೇ ಕಳೆಯುತ್ತೇವೆ. ಆದರೆ ಒಬ್ಬೊಬ್ಬರ ಲೆಕ್ಕ ಒಂದೊಂದು. ನಾನು 12 ಕಳೆಯುತ್ತೇನೆ. ಅಪ್ಪ 10 ಕಳೆಯುತ್ತಾರೆ. ತಂಗಿ ಧಾರಾಳವಾಗಿ 15 ಕಳೆಯುತ್ತಾಳೆ. ಅಮ್ಮ ಏನೂ ಕಳೆಯುವುದಿಲ್ಲ. ಗಡಿಯಾರ ಹೇಳಿದ್ದೇ ನಿಜ ಅಂತ ನಂಬಿ ಎಲ್ಲರಿಗಿಂತ ಮೊದಲು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ. ಮನೆಗೆ ಬಂದ ನೆಂಟರೂ ಅದನ್ನು ನೋಡಿ "ಅಯ್ಯೋ, ಇಷ್ಟು ಹೊತ್ತಾಯ್ತಾ" ಎಂದು ಎದ್ದು ಹೊರಡುತ್ತಾರೆ. ಅದೊಂದು ಲಾಭ, ಸುಳ್ಳು ಯಾಕೆ ಹೇಳಲಿ.

ಕಳೆದ ಭಾನುವಾರ ನನಗೇನು ಬುದ್ಧಿ ಬಂತೋ, ಸ್ಟೂಲ್ ಹತ್ತಿ ಇಳಿಸಿದೆ. ಧೂಳು ಒರೆಸಿದೆ. ಫೋನ್ ನೋಡಿಕೊಂಡು ಸೆಕೆಂಡಿಗೆ ಸೆಕೆಂಡ್ ಸರಿ ಮಾಡಿ ವಾಪಸ್ ತೂಗುಹಾಕಿದೆ. ಯಾರಿಗೂ ಹೇಳಲಿಲ್ಲ. ಯಾರಾದರೂ ಗಮನಿಸುತ್ತಾರಾ ನೋಡೋಣ ಅಂತ ಸುಮ್ನೆ ಇದ್ದೆ.

ಸೋಮವಾರ ಬೆಳಿಗ್ಗೆ ಎಲ್ಲರೂ ಎಂದಿನಂತೆ ಕಳೆದರು. ಅಪ್ಪ 8 ಗಂಟೆಯನ್ನು 7:50 ಅಂದುಕೊಂಡು ಒಂದು ಕಾಲುಚೀಲ ಹಿಡಿದು ಇನ್ನೊಂದನ್ನು ಆರಾಮಾಗಿ ಹುಡುಕುತ್ತಿದ್ದರು. ತಂಗಿ ಕಾಲು ಗಂಟೆ ಉಳಿದಿದೆ ಅಂತ ಕನ್ನಡಿ ಮುಂದೆ ಹಾಡುತ್ತಿದ್ದಳು. ಅವಳ ಬಸ್ ಹೋಯಿತು. ಸರಿಯಾದ ಸಮಯಕ್ಕೆ ಹೊರಟದ್ದು ಅಮ್ಮ ಒಬ್ಬಳೇ. ಜಾಸ್ತಿ ಸಿಟ್ಟಾದದ್ದೂ ಅವಳೇ. ಅವಳ ಪ್ರಕಾರ ಸರಿಯಾದ ಸಮಯಕ್ಕೆ ಹೋಗುವುದು ಅಂದರೆ ತಡವಾಗಿ ಹೋಗುವುದು.

ಕೊನೆಗೆ ಪಂಚಾಯಿತಿ ಆಯಿತು. "ಮೊದಲು ಇದನ್ನು ಮುಂದೆ ಇಟ್ಟವರು ಯಾರು?" ಎಂದು ಕೇಳಿದೆ. "ಯಾರೂ ಇಟ್ಟಿಲ್ಲ, ಅದೇ ಮುಂದೆ ಓಡುತ್ತೆ" ಎಂದಳು ಅಮ್ಮ. ಅಪ್ಪ ತಲೆಯಾಡಿಸಿದರು. ಆದರೆ 6 ತಿಂಗಳ ಹಿಂದೆ ಬ್ಯಾಟರಿ ಬದಲಿಸಿದಾಗ ನಾನೇ ಸರಿಯಾಗಿ ಟೈಮ್ ಕೂರಿಸಿ, ತೂಗುಹಾಕಿ ಅಂತ ಅಪ್ಪನ ಕೈಗೆ ಕೊಟ್ಟಿದ್ದೆ. ಗಡಿಯಾರ ತಾನಾಗಿಯೇ ಇಷ್ಟು ಮುಂದೆ ಓಡುತ್ತಾ? ಇನ್ನೊಂದು, ಮುಳ್ಳು ತಿರುಗಿಸಿದ ಮೇಲೆ ಸೆಕೆಂಡ್ ಮುಳ್ಳು 9ರ ಹತ್ತಿರ ಬಂದಾಗ ಒಂದು ಕ್ಷಣ ನಡುಗಿ ಮುಂದೆ ಹೋಗುತ್ತಿದೆ. ನಾನು ಕೆಡಿಸಿದೆನಾ?

ಹಳೇ ಸ್ಕ್ರೂಡ್ರೈವರ್:

ಕೆಡಿಸಿಲ್ಲ. ಬ್ಯಾಟರಿ ಮುಗಿಯುತ್ತಾ ಬಂದಿದೆ, ಅಷ್ಟೇ. ಒಳಗಿನ ಮೋಟರ್ ಸೆಕೆಂಡಿಗೆ ಒಂದು ಸಲ ತಳ್ಳುತ್ತದೆ. 6ರಿಂದ 12ರವರೆಗೆ ಮುಳ್ಳು ಮೇಲಕ್ಕೆ ಏರಬೇಕು. 9ರಲ್ಲಿ ಅದು ಪೂರ್ತಿ ಅಡ್ಡ ಮಲಗಿರುತ್ತದೆ, ಎತ್ತುವುದು ಅಲ್ಲೇ ಹೆಚ್ಚು ಕಷ್ಟ. ತುಂಬಿದ ಬಕೆಟ್ ಹಿಡಿದು ಕೈಯನ್ನು ಅಡ್ಡಕ್ಕೆ ಚಾಚಿ ನೋಡಿ, ಗೊತ್ತಾಗುತ್ತದೆ. 3ರಲ್ಲೂ ಮುಳ್ಳು ಅಡ್ಡವೇ, ಆದರೆ ಅಲ್ಲಿ ಇಳಿಜಾರು. ಬ್ಯಾಟರಿ ಸತ್ತ ಗಡಿಯಾರಗಳಲ್ಲಿ ಸೆಕೆಂಡ್ ಮುಳ್ಳು ಸಾಮಾನ್ಯವಾಗಿ 9ರ ಆಸುಪಾಸಿನಲ್ಲೇ ನಿಂತಿರುವುದನ್ನು ನೋಡಿರುತ್ತೀರಿ.

ಈಗ ಅಮ್ಮನ ವಾದಕ್ಕೆ ಬರೋಣ. ಒಳಗೆ ಒಂದು ಪುಟ್ಟ ಕ್ವಾರ್ಟ್ಸ್ ಹರಳು ಇರುತ್ತದೆ. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಅರ್ಧ ಮಾಡುತ್ತಾ ಹೋಗಿ. 15ನೇ ಸಲಕ್ಕೆ ಸರಿಯಾಗಿ 1 ಬರುತ್ತದೆ. ಅದಕ್ಕೆಂದೇ ಆರಿಸಿಕೊಂಡ ಸಂಖ್ಯೆ. ಸುಮಾರು 25 ಡಿಗ್ರಿಯಲ್ಲಿ ಸರಿಯಾಗಿ ಓಡುವಂತೆ ಹರಳನ್ನು ಕತ್ತರಿಸಿರುತ್ತಾರೆ. ಸೆಕೆ ಹೆಚ್ಚಾದರೂ ನಿಧಾನ, ಚಳಿ ಹೆಚ್ಚಾದರೂ ನಿಧಾನ. ಬ್ಯಾಟರಿ ಸೋತರೂ ಹಿಂದೆ ಬೀಳುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಹರಳೇ ಸ್ವಲ್ಪ ಚುರುಕಾಗಿದ್ದರೆ ತಿಂಗಳಿಗೆ 15-20 ಸೆಕೆಂಡ್ ಮುಂದೆ ಓಡಬಹುದು. 20 ಅಂತಲೇ ಇಟ್ಟುಕೊಳ್ಳಿ. 6 ತಿಂಗಳಿಗೆ 2 ನಿಮಿಷ.

12ರಲ್ಲಿ 2 ಹೋದರೆ 10. ನಿಮ್ಮ ಮನೆಯಲ್ಲಿ ಸರಿಯಾಗಿ 10 ಕಳೆಯುವವರು ಯಾರು ಅಂತ ನೀವೇ ಬರೆದಿದ್ದೀರಿ. ತೂಗುಹಾಕಲು ಯಾರ ಕೈಗೆ ಕೊಟ್ಟಿರಿ ಅಂತಲೂ ಬರೆದಿದ್ದೀರಿ. ನಾನು ಇನ್ನೇನೂ ಹೇಳುವುದಿಲ್ಲ.

ಎಡಗೈ ವಾಚು:

ಹಹ್ಹಾ, ಪತ್ತೇದಾರಿ ಚೆನ್ನಾಗಿದೆ!

ನಮ್ಮ ತಾತನದು ಲೋಲಕದ ಗಡಿಯಾರ. ಬೇಸಿಗೆಯಲ್ಲಿ ಅದರ ಸಲಾಕೆ ಕೂದಲೆಳೆಯಷ್ಟು ಉದ್ದವಾಗಿ ಓಟ ನಿಧಾನವಾಗುತ್ತದೆ. ಆಗ ಗುಂಡಿನ ಕೆಳಗಿನ ನಟ್ಟನ್ನು ತಾತ ಕಾಲು ಸುತ್ತು ತಿರುಗಿಸಿ ಗುಂಡನ್ನು ಮೇಲೆ ತರುತ್ತಿದ್ದರು. ಆ ನಟ್ಟು ಮುಟ್ಟುವ ಹಕ್ಕು ಮನೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ. ಅಜ್ಜಿಗೂ ಇಲ್ಲ.

ಲೋಲಕದ ಗಡಿಯಾರವನ್ನು 1656ರಲ್ಲಿ ರೂಪಿಸಿದ ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ 1665ರಲ್ಲಿ ಹುಷಾರಿಲ್ಲದೆ ಮಲಗಿದ್ದಾಗ ಒಂದು ವಿಚಿತ್ರ ಗಮನಿಸಿದರಂತೆ. ಒಟ್ಟಿಗೆ ತೂಗುಹಾಕಿದ್ದ ಎರಡು ಗಡಿಯಾರಗಳ ಲೋಲಕಗಳು ಹೇಗೆ ಶುರುವಾದರೂ ಸ್ವಲ್ಪ ಹೊತ್ತಿಗೆ ತಾಳ ಹೊಂದಿಸಿಕೊಳ್ಳುತ್ತಿದ್ದವು. ಒಂದು ಎಡಕ್ಕೆ ಹೋದರೆ ಇನ್ನೊಂದು ಬಲಕ್ಕೆ. ಎರಡನ್ನೂ ಹೊತ್ತ ಮರದ ಮೂಲಕ ಒಂದರ ಅಲುಗಾಟ ಇನ್ನೊಂದಕ್ಕೆ ತಲುಪುತ್ತಿತ್ತು. ನಿಮ್ಮ ಅಮ್ಮನ ಮಾತಿಗೆ ಅಪ್ಪ ತಲೆಯಾಡಿಸಿದ್ದು ಓದಿ ಇದು ನೆನಪಾಯಿತು.

ಇದ್ದದ್ದು ಇದ್ದಹಾಗೆ:

ಮುಂದೆ ಇಡಬೇಡಿ. ಎಷ್ಟು ಮುಂದಿದೆ ಅಂತ ಗೊತ್ತಿದ್ದ ಮೇಲೆ ಅದರಿಂದ ಏನು ಉಪಯೋಗ? ಯಾವ ಕೆಲಸಕ್ಕೂ ನಿಜವಾಗಿ ಹಿಡಿಯುವುದಕ್ಕಿಂತ ಕಮ್ಮಿ ಹೊತ್ತು ಸಾಕು ಅಂತ ನಾವು ಅಂದುಕೊಳ್ಳುತ್ತೇವೆ. ಕಾಹ್ನೆಮನ್ ಮತ್ತು ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಇದಕ್ಕೆ 'ಪ್ಲಾನಿಂಗ್ ಫ್ಯಾಲಸಿ' ಅಂತ ಹೆಸರಿಟ್ಟು 1979ರಲ್ಲೇ ಬರೆದಿದ್ದಾರೆ. ನಿಮ್ಮ ತಂಗಿಯ ಕಾಯಿಲೆ ಇದು. ನನ್ನದೂ ಇದೇ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಗಡಿಯಾರ ತಿರುಗಿಸಿದರೆ ವಾಸಿಯಾಗುವುದಿಲ್ಲ.

ಅರ್ಧನಿದ್ದೆ:

ಸ್ಕ್ರೂಡ್ರೈವರ್ ಅವರೇ, ನಿಮ್ಮ ಉತ್ತರವನ್ನು ರಾತ್ರಿ ಎಲ್ಲರೆದುರು ಜೋರಾಗಿ ಓದಿದೆ. 32,768ರವರೆಗೆ ಎಲ್ಲರೂ ಆಸಕ್ತಿಯಿಂದ ಕೇಳಿದರು. "12ರಲ್ಲಿ 2 ಹೋದರೆ" ಅನ್ನುವಷ್ಟರಲ್ಲಿ ಅಪ್ಪನಿಗೆ ಕೆಮ್ಮು ಬಂತು.

ಆದರೆ ಮೊದಲು ಒಪ್ಪಿಕೊಂಡದ್ದು ಅಮ್ಮ! "ಐದೇ ಐದು ನಿಮಿಷ. ಅದನ್ನೂ ಮುಟ್ಟಿದ್ದು ಅಂತಾರಾ?" ಎಂದಳು. ಆಗ ಅಪ್ಪ ಬಾಯಿಬಿಟ್ಟರು. ಅಮ್ಮ 5 ನಿಮಿಷ ಮುಂದೆ ಇಟ್ಟದ್ದನ್ನು ಅವರು ನೋಡಿದ್ದರಂತೆ. ಮಕ್ಕಳು ಹೇಗೂ 5 ಕಳೆಯುತ್ತಾರೆ, ಹಾಗಾಗಿ ಇರಲಿ ಅಂತ ಇನ್ನೊಂದು 5 ತಾವೂ ಸೇರಿಸಿದರಂತೆ. ಆ ಲೆಕ್ಕದಲ್ಲೇ ಅವರ 10. ಹರಳಿನ 2 ನಿಮಿಷ ಅವರಿಗೆ ಗೊತ್ತಿರಲಿಲ್ಲ. ಪ್ರತಿ ದಿನ ಅವರು 2 ನಿಮಿಷ ಬೇಗ ಇರುತ್ತಿದ್ದದ್ದು ಶಿಸ್ತಿನಿಂದಲ್ಲ ಅಂತ ಈಗ ಗೊತ್ತಾಯಿತು.

ನೀನೇ ಮುಂದೆ ಇಟ್ಟು ನೀನೇ ಹೇಗೆ ನಂಬುತ್ತೀಯಾ ಅಂತ ಅಮ್ಮನನ್ನು ಕೇಳಿದೆ. "ಹೊರಡೋ ಗಡಿಬಿಡಿಯಲ್ಲಿ ಅದೆಲ್ಲ ಎಲ್ಲಿ ನೆನಪಿರುತ್ತೆ" ಎಂದಳು. ಅವಳ ಮೇಲೆ ಮಾತ್ರ ಆ ಗಡಿಯಾರ ಕೆಲಸ ಮಾಡುವುದು ಇದಕ್ಕೇ ಇರಬೇಕು.

ಇದ್ದದ್ದು ಇದ್ದಹಾಗೆ ಅವರ ಮಾತಿಗೆ ತಂಗಿ ಒಪ್ಪಲಿಲ್ಲ. ಒಪ್ಪಲಿಲ್ಲ ಅಂತ ಬರೆಯಲೇಬೇಕು ಅಂದಳು, ಬರೆದಿದ್ದೇನೆ.

ಹೊಸ ಬ್ಯಾಟರಿ ಹಾಕಿದೆ. ಮುಳ್ಳು ಈಗ 9ನ್ನು ನಡುಗದೆ ದಾಟುತ್ತಿದೆ. ಇನ್ನು ಯಾರೂ ಮುಟ್ಟಬಾರದು ಅಂತ ತೀರ್ಮಾನವಾಗಿ ಸರಿಯಾದ ಟೈಮ್ ಕೂರಿಸಿದೆ. ಇದು ಮೊನ್ನೆಯ ಮಾತು. ಇವತ್ತು ಬೆಳಿಗ್ಗೆ ಫೋನ್ ಜೊತೆ ಹೋಲಿಸಿ ನೋಡಿದರೆ 3 ನಿಮಿಷ ಮುಂದಿದೆ. ಅಪ್ಪ ಅಮ್ಮ ಇಬ್ಬರನ್ನೂ ನಿಲ್ಲಿಸಿ ಕೇಳಿದೆ.

"ಅದೇ ಓಡುತ್ತೆ" ಎಂದರು, ಇಬ್ಬರೂ ಒಟ್ಟಿಗೆ.