ಕ್ಯಾಫರ್, ರೂಬರ್ ಬೇರೆ ಬೇರೆ ಕೊಂಬೆಗೆ ಹೋಗ್ತಾನೇ ಇಲ್ಲ, ಏನ್ಮಾಡ್ಲಿ?

ಎಲೆಮೂಗು: ತಲೆ ಕೆಟ್ಟುಹೋಗಿದೆ. ಆಫ್ರಿಕಾದ ಹಿಪ್ಪೊಸಿಡರಸ್ ಕ್ಯಾಫರ್, ರೂಬರ್ ಬಾವಲಿಗಳ ಡಿಎನ್‌ಎ ಸೀಕ್ವೆನ್ಸ್‌ಗಳನ್ನೆಲ್ಲ ಜೀನ್‌ಬ್ಯಾಂಕ್ ಅನ್ನೋ ಸಾರ್ವಜನಿಕ ಭಂಡಾರದಿಂದ ಇಳಿಸಿ ವಂಶದ ಮರ ಕಟ್ಟಿದೆ. ಪೂರ್ತಿ ಕಲಸುಮೇಲೋಗರ! ಎಷ್ಟು ಸಲ ಓಡಿಸಿದ್ರೂ ಅದೇ. ಸೋಮವಾರ ಗೈಡ್‌ಗೆ ತೋರಿಸ್ಬೇಕು.

ಕಗ್ಗತ್ತಲು: ಯಾವ ಜೀನು? ಯಾವ ಸಾಫ್ಟ್‌ವೇರು? ಜಾತಕ ಕೊಡದೆ ಭವಿಷ್ಯ ಕೇಳಿದ ಹಾಗಾಯ್ತು.

ಎಲೆಮೂಗು: ಮೈಟೋಕಾಂಡ್ರಿಯದ ಸೈಟೋಕ್ರೋಮ್ ಬಿ, ಇನ್ಯಾವ್ದು! ಸಾಫ್ಟ್‌ವೇರು ಐಕ್ಯೂ-ಟ್ರೀ.

ನಮ್ಟ್‌ಬೇಟೆ: ಇದು ನಮ್ಟ್ ಕಣ್ರೀ. ಮೈಟೋಕಾಂಡ್ರಿಯದ ತುಣುಕು ಯಾವಾಗ್ಲೋ ನ್ಯೂಕ್ಲಿಯಸ್‌ಗೆ ನುಸುಳಿರುತ್ತೆ, ಪ್ರೈಮರ್ (ಜೀನನ್ನ ಹುಡುಕಿ ನಕಲು ಮಾಡೋಕೆ ಹಾಕೋ ಚಿಕ್ಕ ಡಿಎನ್‌ಎ) ಅದನ್ನೇ ಹಿಡಿದಿದೆ. ಪ್ರೋಟೀನ್‌ಗೆ ಟ್ರಾನ್ಸ್‌ಲೇಟ್ ಮಾಡಿ. ಮಧ್ಯೆ ಸ್ಟಾಪ್ ಕೋಡಾನ್, ಅಂದ್ರೆ ಪ್ರೋಟೀನ್ ಇಲ್ಲಿಗೆ ನಿಲ್ಲಿಸು ಅನ್ನೋ ಮೂರಕ್ಷರ, ಬಂದ್ರೆ ಮುಗೀತು, ಅದು ನಮ್ಟೇ.

ಎಲೆಮೂಗು: ಅಯ್ಯೋ, ಎಲ್ಲದ್ರಲ್ಲೂ ಸ್ಟಾಪ್ ಇದೆ!

ನಮ್ಟ್‌ಬೇಟೆ: ಹೇಳ್ಲಿಲ್ವಾ? ಎಲ್ಲಾ ಬಿಸಾಕಿ.

ಕಗ್ಗತ್ತಲು: ತಡೀರಿ. ಎಲ್ಲದ್ರಲ್ಲೂ ಅಂದ್ರೆ ಅನುಮಾನ. ಯಾವ ಕೋಡ್ ಟೇಬಲ್, ಅಂದ್ರೆ ಯಾವ ಮೂರಕ್ಷರಕ್ಕೆ ಯಾವ ಅಮೈನೋ ಆಮ್ಲ ಅನ್ನೋ ಪಟ್ಟಿ? ಟಿಜಿಎ ಮಾಮೂಲಿ ಕೋಡಲ್ಲಿ ಸ್ಟಾಪ್, ಕಶೇರುಕಗಳ ಮೈಟೋಕಾಂಡ್ರಿಯದಲ್ಲಿ ಟ್ರಿಪ್ಟೊಫ್ಯಾನ್ ಅನ್ನೋ ಅಮೈನೋ ಆಮ್ಲ. ಅದರ ಪಟ್ಟಿ ಟೇಬಲ್ 2, ಅದನ್ನ ಹಾಕಿ.

ಎಲೆಮೂಗು: ಹಾಕ್ದೆ. ಸ್ಟಾಪ್ ಒಂದೂ ಇಲ್ಲ. ಮರ ಮಾತ್ರ ಹಾಗೇ ಇದೆ.

ನಮ್ಟ್‌ಬೇಟೆ: ಇತ್ತೀಚೆಗೆ ನುಸುಳಿದ ನಮ್ಟ್‌ನಲ್ಲಿ ಸ್ಟಾಪ್ ಇರ್ಲೇಬೇಕು ಅಂತೇನಿಲ್ಲ. ನಾನಂತೂ ಒಪ್ಪಲ್ಲ.

ಬೇಯ್ಸ್‌ಭಟ್ಟ: ಬೂಟ್‌ಸ್ಟ್ರ್ಯಾಪ್ (ಕೊಂಬೆ ಎಷ್ಟು ಗಟ್ಟಿ ಅಂತ ಮತ್ತೆ ಮತ್ತೆ ಪರೀಕ್ಷಿಸೋ ಲೆಕ್ಕ) ನಂಬ್ಕೊಂಡು ಕೂತ್ರೆ ಇದೇ ಗತಿ. ಸಂಭವನೀಯತೆ ಲೆಕ್ಕದಲ್ಲಿ ಮರ ಕಟ್ಟೋ ಮಿಸ್ಟರ್‌ಬೇಯ್ಸ್ ಸಾಫ್ಟ್‌ವೇರ್ ಓಡಿಸಿ. ನಂದು 64 ಕೋರ್ ಮಶೀನು, ರಾತ್ರಿ ಹಾಕಿದ್ರೆ ಬೆಳಿಗ್ಗೆ ರೆಡಿ.

ಕಗ್ಗತ್ತಲು: ಡಿಫಾಲ್ಟಲ್ಲಿ ಎರಡು ರನ್, ತಲಾ ನಾಲ್ಕು ಚೈನು (ಒಟ್ಟಿಗೇ ನಡೆಯೋ ಹುಡುಕಾಟ). ಚೈನಿಗೊಂದರಂತೆ ಎಂಟು ಕೋರ್ ಸಾಕು, ಉಳಿದವು ಚಳಿ ಕಾಯಿಸ್ಕೊಳ್ಳೋಕಾ ಭಟ್ರೇ?

ಬೇಯ್ಸ್‌ಭಟ್ಟ: ನಿಮಗೆ ಹೊಟ್ಟೆಕಿಚ್ಚು.

ಕಗ್ಗತ್ತಲು: ಇರ್ಲಿ. ಎಲೆಮೂಗು, ಮಾದರಿಗಳು ಯಾವ ಊರಿನವು?

ಎಲೆಮೂಗು: ಘಾನಾ, ಕ್ಯಾಮರೂನ್, ಕೀನ್ಯಾ, ದಕ್ಷಿಣ ಆಫ್ರಿಕಾ. ಅದೂ ಬೇಕಾ?

ಕಗ್ಗತ್ತಲು: ಅದೇ ಬೇಕಾಗಿದ್ದು! ಕ್ಯಾಫರ್ ಅನ್ನೋ ಹೆಸರು 1846ರಲ್ಲಿ ಡರ್ಬನ್ ಹತ್ತಿರದ ಬಾವಲಿಗೆ ಇಟ್ಟಿದ್ದು, ರೂಬರ್ 1893ರಲ್ಲಿ ಈಗಿನ ತಾಂಜಾನಿಯದ್ದಕ್ಕೆ. ಘಾನಾದಲ್ಲಿ ಸಿಕ್ಕಿದ್ದಕ್ಕೂ ಗಾತ್ರ, ಬಣ್ಣ ನೋಡಿ ಅದೇ ಹೆಸರು ಅಂಟಿಸಿದಾರೆ. 2008ರ ಸೈಟೋಕ್ರೋಮ್ ಬಿ ಅಧ್ಯಯನದಲ್ಲೂ ಈ ಎರಡು ಹೆಸರಿನ ಕೆಳಗೆ ಹಲವು ವಂಶರೇಖೆಗಳು ಹೊರಬಿದ್ದಿದ್ವು, ಹೆಸರಿಗೆ ತಕ್ಕ ಹಾಗೆ ಗುಂಪುಗೂಡ್ಲಿಲ್ಲ. ನಿಮ್ಮ ಮರ ಸರಿಯಾಗೇ ಇರಬಹುದು. ಲೇಬಲ್ ಅಳಿಸಿ ಊರಿನ ಪ್ರಕಾರ ಬಣ್ಣ ಹಚ್ಚಿ ನೋಡಿ. ಮೈಟೋಕಾಂಡ್ರಿಯ ತಾಯಿ ಕಡೆ ಕಥೆ ಮಾತ್ರ ಹೇಳೋದು, ಹಾಗಾಗಿ ಎರಡ್ಮೂರು ನ್ಯೂಕ್ಲಿಯರ್ ಇಂಟ್ರಾನ್ (ನ್ಯೂಕ್ಲಿಯಸ್‌ನ ಜೀನೊಳಗೆ ಪ್ರೋಟೀನ್ ಆಗದ ಭಾಗ) ಸಿಕ್ರೆ ಒಳ್ಳೇದಿತ್ತು.

ಎಲೆಮೂಗು: ಇಂಟ್ರಾನ್ ಫೈಲು ಮೊದ್ಲಿಂದ್ಲೂ ಇದೆಯಲ್ಲ ಸರ್, ಯಾರೂ ಕೇಳ್ಲಿಲ್ಲ.

ಬೇಯ್ಸ್‌ಭಟ್ಟ: ಕಳಿಸಿ, ನನ್ನ ಮಶೀನಲ್ಲಿ ಹಾಕ್ತೀನಿ. ರ‍್ಯಾಮ್ ಎಷ್ಟಿದೆ ಅಂತ ಹೇಳಿದ್ನಾ?